ಬಾಣಂತಿಯರ ಸಾವಿನ ಗುಟ್ಟು ತನ್ನ ಕೈಯಲ್ಲೇ ಕಂಡ ವೈದ್ಯ: ಡಾ. ಸೆಮ್ಮೆಲ್‌ವೈಸ್ ಬದುಕಿನ ಕಥೆ

ವಿಯೆನ್ನಾದ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ತುಂಬು ಗರ್ಭಿಣಿಯರು ಮಂಡಿಯೂರಿ ಕೈ ಮುಗಿಯುತ್ತಿದ್ದರು. ದುಡ್ಡಿಗಲ್ಲ, ಔಷಧಿಗೂ ಅಲ್ಲ. ತಮ್ಮನ್ನು ಒಂದನೇ ಹೆರಿಗೆ ವಾರ್ಡಿಗೆ ಹಾಕಬೇಡಿ, ಎರಡನೇ ವಾರ್ಡಿಗೆ ಹಾಕಿ ಅಂತ ಬೇಡಿಕೊಳ್ಳುತ್ತಿದ್ದರು. ಇದು 1840ರ ದಶಕದ ಮಾತು. ಒಂದನೇ ವಾರ್ಡಿಗೆ ಹೋದವರು ವಾಪಸ್ ಬರೋದು ಗ್ಯಾರಂಟಿ ಇಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಯಾಕೆ ಹೀಗೆ ಅನ್ನೋದು ಮಾತ್ರ ಅಲ್ಲಿನ ಯಾವ ದೊಡ್ಡ ಡಾಕ್ಟರಿಗೂ ಗೊತ್ತಿರಲಿಲ್ಲ.

ಆ ಕಾರಣ ಹುಡುಕಿದವರು ಅದೇ ವಾರ್ಡಿನ ಸಹಾಯಕ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. ಆಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. ಆಗಸ್ಟ್ 13 ಅವರು ತೀರಿಕೊಂಡ ದಿನ. ಇಂದು ಯಾವುದೇ ಆಸ್ಪತ್ರೆಯ ಹೆರಿಗೆ ಕೋಣೆಗೆ ಹೋಗುವ ಮೊದಲು ಡಾಕ್ಟರು, ನರ್ಸು ಮೊಣಕೈವರೆಗೆ ಕೈ ತೊಳೆಯುತ್ತಾರಲ್ಲ, ಆ ರೂಢಿಯ ಹಿಂದೆ ಈ ಮನುಷ್ಯನ ಪಾಡು ಇದೆ.

ದಿನಸಿ ಅಂಗಡಿಯವರ ಮಗ

ಸೆಮ್ಮೆಲ್‌ವೈಸ್ ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾದಲ್ಲಿ. ಬುಡಾ ಮತ್ತು ಪೆಸ್ಟ್ ಆಗ ನದಿಯ ಆಚೆ ಈಚೆ ದಡದ ಎರಡು ಬೇರೆ ಊರುಗಳು, ಆಮೇಲೆ ಎರಡೂ ಸೇರಿ ಬುಡಾಪೆಸ್ಟ್ ಆಯ್ತು. ಅಪ್ಪನದು ದಿನಸಿ ಅಂಗಡಿ, ವ್ಯಾಪಾರ ಚೆನ್ನಾಗಿತ್ತು. ಮನೆ ತುಂಬ ಮಕ್ಕಳು. ಮಗ ಲಾಯರ್ ಆಗಲಿ ಅಂತ 1837ರಲ್ಲಿ ವಿಯೆನ್ನಾಕ್ಕೆ ಕಾನೂನು ಓದಲು ಕಳಿಸಿದರು. ಹುಡುಗ ಕಾನೂನು ಬಿಟ್ಟು ಮೆಡಿಕಲ್ ಸೇರಿಕೊಂಡ. 1844ರಲ್ಲಿ ಡಾಕ್ಟರ್ ಆದರು. ಬೇರೆ ವಿಭಾಗದಲ್ಲಿ ಕೆಲಸ ಸಿಗದೆ ಹೆರಿಗೆ ವಿಭಾಗಕ್ಕೆ ಬಂದರು. ಅಂದರೆ ಇಷ್ಟಪಟ್ಟು ಆರಿಸಿಕೊಂಡಿದ್ದೇನಲ್ಲ. 1846ರ ಜುಲೈನಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನ್ ಕೈಕೆಳಗೆ ಒಂದನೇ ವಾರ್ಡಿನ ಸಹಾಯಕರಾಗಿ ಸೇರಿದರು.

ಆ ಆಸ್ಪತ್ರೆಗೆ ಬರುತ್ತಿದ್ದವರು ಹೆಚ್ಚಾಗಿ ಬಡವರು, ಮನೆಗೆಲಸದವರು, ಮದುವೆಯಾಗದೆ ಬಸುರಾದ ಹೆಣ್ಣುಮಕ್ಕಳು. ಹೆರಿಗೆ ಪುಕ್ಕಟೆ. ಅದಕ್ಕೆ ಬದಲಾಗಿ ಅವರು ವಿದ್ಯಾರ್ಥಿಗಳ ಕಲಿಕೆಗೆ ಮೈ ಒಡ್ಡಬೇಕಿತ್ತು. ಒಂದನೇ ವಾರ್ಡಿನಲ್ಲಿ ಕಲಿಯುತ್ತಿದ್ದವರು ಮೆಡಿಕಲ್ ವಿದ್ಯಾರ್ಥಿಗಳು. ಎರಡನೆಯದರಲ್ಲಿ ಸೂಲಗಿತ್ತಿ ತರಬೇತಿಗೆ ಬಂದ ಹೆಂಗಸರು. ಒಂದು ದಿನ ಬಂದವರೆಲ್ಲ ಒಂದನೇ ವಾರ್ಡಿಗೆ, ಮಾರನೇ ದಿನ ಬಂದವರು ಎರಡನೆಯದಕ್ಕೆ, ಹೀಗೆ ಸರದಿ. ಯಾವ ದಿನ ನೋವು ಬರುತ್ತೆ ಅನ್ನೋದರ ಮೇಲೆ ತಾಯಿಯ ಹಣೆಬರಹ!

ಸೆಮ್ಮೆಲ್‌ವೈಸ್ ಸೇರಿದ 1846ರ ಲೆಕ್ಕ ನೋಡಿ. ಒಂದನೇ ವಾರ್ಡಿನಲ್ಲಿ 4,010 ಹೆರಿಗೆ, 459 ತಾಯಂದಿರ ಸಾವು. ಎರಡನೇ ವಾರ್ಡಿನಲ್ಲಿ 3,754 ಹೆರಿಗೆ, 105 ಸಾವು. ಅಂದರೆ ಒಂದು ಕಡೆ ನೂರಕ್ಕೆ 11 ಮಂದಿಗೂ ಹೆಚ್ಚು, ಇನ್ನೊಂದು ಕಡೆ ನೂರಕ್ಕೆ ಮೂವರೂ ಇಲ್ಲ. ಒಂದೇ ಆಸ್ಪತ್ರೆ, ಅಕ್ಕಪಕ್ಕದ ವಾರ್ಡು.

ಏನಿದು ಬಾಣಂತಿ ಜ್ವರ?

ಹೆರಿಗೆ ಸುಸೂತ್ರವಾಗಿ ಆಗಿರುತ್ತೆ. ಮಗು ಅತ್ತಿರುತ್ತೆ, ತಾಯಿ ನಕ್ಕಿರುತ್ತಾಳೆ. ಎರಡು ಮೂರು ದಿನಕ್ಕೆ ಚಳಿ ನಡುಗಿ ಜ್ವರ ಏರುತ್ತೆ. ಕಿಬ್ಬೊಟ್ಟೆ ಮುಟ್ಟೋಕಾಗದಷ್ಟು ನೋವು, ಹೊಟ್ಟೆ ಉಬ್ಬರ, ಕೆಟ್ಟ ವಾಸನೆಯ ಸ್ರಾವ. ಆಮೇಲೆ ನಾಡಿ ಓಡುತ್ತೆ, ಬಡಬಡಿಕೆ ಶುರುವಾಗುತ್ತೆ. ಬಾಣಂತಿಗೆ ಸನ್ನಿ ಹಿಡೀತು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಿದ್ದುದರಲ್ಲಿ ಇದೂ ಸೇರಿತ್ತು.

ಮಾಸು ಬಿದ್ದ ಮೇಲೆ ಗರ್ಭಕೋಶದ ಒಳಗೋಡೆ ಹಸಿಗಾಯ ಇದ್ದ ಹಾಗೆ. ಅಲ್ಲಿಗೆ ಬ್ಯಾಕ್ಟೀರಿಯಾ ಹೊಕ್ಕರೆ ಹೊಟ್ಟೆಯೊಳಗೆಲ್ಲ ಕೀವಾಗಿ, ರಕ್ತಕ್ಕೂ ಸೇರಿ, ದೇಹದ ಒಂದೊಂದೇ ಅಂಗ ಕೈಕೊಡುತ್ತೆ. ಇವತ್ತು ಇದಕ್ಕೆ ಆ್ಯಂಟಿಬಯೋಟಿಕ್ ಇದೆ. ಆದರೂ ಹೆರಿಗೆ, ಸಿಸೇರಿಯನ್ ಅಥವಾ ಗರ್ಭಪಾತ ಆದ 42 ದಿನದೊಳಗೆ ಜ್ವರ, ಹೊಟ್ಟೆನೋವು, ವಾಸನೆ ಸ್ರಾವ ಕಂಡರೆ ಮನೆಮದ್ದು ಮಾಡ್ತಾ ಕೂರುವ ಹಾಗಿಲ್ಲ. ಶೀತ ಆಗಿರಬೇಕು ಅಂತ ಕಾದವರ ಮನೆಯಲ್ಲಿ ಗಂಟೆಗಳ ಲೆಕ್ಕದಲ್ಲಿ ಅನಾಹುತ ಆಗುತ್ತೆ.

1846ರಲ್ಲಿ ಬ್ಯಾಕ್ಟೀರಿಯಾದಿಂದ ಕಾಯಿಲೆ ಬರುತ್ತೆ ಅನ್ನೋದೇ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಬರುತ್ತೆ ಅಂತ ದೊಡ್ಡವರೆಲ್ಲ ನಂಬಿದ್ದರು.

ಒಂದೊಂದೇ ಕಾರಣ ಅಳಿಸುತ್ತಾ

ಸೆಮ್ಮೆಲ್‌ವೈಸ್‌ಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಗಾಳಿ ಕೆಟ್ಟಿದ್ದರೆ ಎರಡೂ ವಾರ್ಡಿಗೆ ಒಂದೇ ಗಾಳಿ ತಾನೇ? ಜನ ಕಿಕ್ಕಿರಿದಿದ್ದಕ್ಕಾ ಅಂದರೆ, ಒಂದನೇ ವಾರ್ಡಿಗೆ ಹೆದರಿ ಎಲ್ಲರೂ ನುಗ್ಗುತ್ತಿದ್ದುದರಿಂದ ಎರಡನೆಯದರಲ್ಲೇ ಹೆಚ್ಚು ಜನ. ಎರಡನೇ ವಾರ್ಡಿನಲ್ಲಿ ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸ್ತಾರೆ ಅಂತ ಇಲ್ಲೂ ಹಾಗೇ ಮಾಡಿ ನೋಡಿದರು. ಸಾವು ನಿಲ್ಲಲಿಲ್ಲ. ಸಾಯುವವರಿಗೆ ಕೊನೆಯ ಪ್ರಾರ್ಥನೆ ಮಾಡಲು ಬರುವ ಪಾದ್ರಿ ಗಂಟೆ ಬಾರಿಸಿಕೊಂಡು ಒಂದನೇ ವಾರ್ಡಿನ ನಡುವೆ ಹಾದು ಹೋಗುತ್ತಿದ್ದರು. ಆ ಗಂಟೆ ಕೇಳಿಯೇ ಬಾಣಂತಿಯರು ಹೆದರಿ ಸಾಯ್ತಾರೇನೋ ಅನ್ನುವ ಮಾತೂ ಇತ್ತು. ಪಾದ್ರಿಗೆ ಹೇಳಿ ಗಂಟೆಯನ್ನೂ ನಿಲ್ಲಿಸಿದರು. ಏನೂ ಬದಲಾಗಲಿಲ್ಲ.

ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಆಸ್ಪತ್ರೆಗೆ ಬರುವ ದಾರಿಯಲ್ಲೇ, ಬೀದಿಯಲ್ಲೇ ಹೆತ್ತು ಮಗುವನ್ನು ಎತ್ತಿಕೊಂಡು ಬಂದ ಹೆಂಗಸರಿಗೆ ಈ ಜ್ವರ ಬರುತ್ತಿದ್ದುದು ಅಪರೂಪ. ಬೀದಿಯಲ್ಲಿ ಹೆತ್ತವಳು ಬದುಕುತ್ತಾಳೆ, ಪ್ರೊಫೆಸರ್ ಮುಂದೆ ಹೆತ್ತವಳು ಸಾಯುತ್ತಾಳೆ. ಇದು ಯಾವ ನ್ಯಾಯ?

ಗೆಳೆಯನ ಸಾವು

1847ರ ಮಾರ್ಚ್‌ನಲ್ಲಿ ಸೆಮ್ಮೆಲ್‌ವೈಸ್ ವೆನಿಸ್ ಪ್ರವಾಸ ಮುಗಿಸಿ ವಾಪಸ್ ಬಂದರು. ಬಂದಾಗ ಕೇಳಿದ ಸುದ್ದಿ, ಗೆಳೆಯ ಯಾಕೋಬ್ ಕೊಲ್ಲೆಟ್ಶ್ಕಾ ಇನ್ನಿಲ್ಲ. ಅವರು ಫೊರೆನ್ಸಿಕ್ ವಿಭಾಗದ ಪ್ರೊಫೆಸರ್. ಶವಪರೀಕ್ಷೆ ಹೇಳಿಕೊಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಸಣ್ಣ ಗಾಯ. ಅದೇ ನಂಜಾಗಿ ಪ್ರಾಣ ಹೋಗಿತ್ತು.

ಗೆಳೆಯನ ಶವಪರೀಕ್ಷೆ ವರದಿ ಓದುತ್ತಾ ಸೆಮ್ಮೆಲ್‌ವೈಸ್ ಬೆಚ್ಚಿಬಿದ್ದರು. ಹೊಟ್ಟೆಯ ಪೊರೆ, ಶ್ವಾಸಕೋಶದ ಪೊರೆ, ಮಿದುಳಿನ ಪೊರೆ, ಎಲ್ಲ ಕಡೆ ಉರಿಯೂತ. ಸತ್ತ ಬಾಣಂತಿಯರ ದೇಹದಲ್ಲಿ ದಿನಾ ಬೆಳಗ್ಗೆ ಅವರು ನೋಡುತ್ತಿದ್ದುದೂ ಇದನ್ನೇ. ಗಂಡಸು, ಹೆರಿಗೆ ಆಗಿಲ್ಲ, ಆದರೂ ಅದೇ ಕಾಯಿಲೆ. ಗೆಳೆಯನ ಮೈಗೆ ಹೆಣದ ಅಂಶ ಹೊಕ್ಕಿದ್ದು ಚಾಕುವಿನಿಂದ. ಹಾಗಾದರೆ ಬಾಣಂತಿಯರ ಮೈಗೆ ಹೊಕ್ಕಿದ್ದು ಯಾವುದರಿಂದ?

ಉತ್ತರ ಎದುರಿಗೇ ಇತ್ತು. ಬೆಳಗ್ಗೆ ಶವಾಗಾರದಲ್ಲಿ ಹೆಣ ಕೊಯ್ದು, ಕೈಗೆ ಒಂದಿಷ್ಟು ಸೋಪು ಹಚ್ಚಿ ತೊಳೆದು, ಡಾಕ್ಟರು ಮತ್ತು ವಿದ್ಯಾರ್ಥಿಗಳು ಸೀದಾ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಅದೇ ಕೈಯಲ್ಲಿ ನೋವು ತಿನ್ನುತ್ತಿರುವ ಹೆಂಗಸರ ಒಳಪರೀಕ್ಷೆ. ತೊಳೆದ ಮೇಲೂ ಕೈಯಲ್ಲಿ ಹೆಣದ ವಾಸನೆ ಇರುತ್ತಿತ್ತು. ಎರಡನೇ ವಾರ್ಡಿನ ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತವಳನ್ನು ಯಾರೂ ಒಳಪರೀಕ್ಷೆ ಮಾಡಿರಲಿಲ್ಲ. ಲೆಕ್ಕ ಕೂಡಿಬಂತು.

ಹಳೆ ದಾಖಲೆ ತೆಗೆದಾಗ ಇನ್ನೊಂದು ವಿಷಯ ಸಿಕ್ಕಿತು. ಕ್ಲೈನ್‌ಗಿಂತ ಮುಂಚೆ ಇದ್ದ ಪ್ರೊಫೆಸರ್ ಬೋಯರ್ ಹೆರಿಗೆ ಪಾಠಕ್ಕೆ ಹೆಣ ಬಳಸುತ್ತಿರಲಿಲ್ಲ, ಬೊಂಬೆಯಲ್ಲಿ ಕಲಿಸುತ್ತಿದ್ದರು. ಅವರ ಕಾಲದಲ್ಲಿ ಸಾವು ಬಹಳ ಕಮ್ಮಿ. 1823ರಿಂದ, ಅಂದರೆ ಕ್ಲೈನ್ ಬಂದ ಮೇಲೆ, ಸಾವು ಏರಿತ್ತು. ಸೆಮ್ಮೆಲ್‌ವೈಸ್ ಲೆಕ್ಕ ಹೊರಗೆ ಬಂದರೆ ಕ್ಲೈನ್ ಸಾಹೇಬರ ಹೆಸರು ಏನಾಗುತ್ತೆ ಅಂತ ಯಾರಿಗಾದರೂ ಅರ್ಥವಾಗುತ್ತೆ.

ಬಾಗಿಲ ಬಳಿ ಒಂದು ಬೋಗುಣಿ

1847ರ ಮೇ ಮಧ್ಯಭಾಗ. ಒಂದನೇ ವಾರ್ಡಿನ ಬಾಗಿಲ ಬಳಿ ಕ್ಲೋರಿನ್ ನೀರಿನ ಬೋಗುಣಿ ಬಂತು. ಒಳಗೆ ಕಾಲಿಡುವ ಮೊದಲು ಪ್ರತಿಯೊಬ್ಬರೂ ಅದರಲ್ಲಿ ಕೈ ಉಜ್ಜಿ ತೊಳೆಯಲೇಬೇಕು, ಉಗುರ ಸಂದಿ ಸಮೇತ. ಕ್ಲೋರಿನ್ ಯಾಕೆ ಅಂದರೆ ಹೆಣದ ವಾಸನೆ ಹೋಗಲಾಡಿಸುವುದು ಅದೇ. ವಾಸನೆ ಹೋದರೆ ಅದನ್ನು ತರುವ ಅಂಶವೂ ಹೋಗುತ್ತೆ ಅನ್ನೋದು ಅವರ ಅಂದಾಜು. ಶುರುವಿನಲ್ಲಿ ಬಳಸಿದ ದ್ರಾವಣ ದುಬಾರಿ ಅಂತ ಆಮೇಲೆ ಕ್ಲೋರಿನ್ ಬೆರೆತ ಸುಣ್ಣಕ್ಕೆ ಬದಲಾಯಿಸಿದರು. ಅದು ಬೇರೇನಲ್ಲ, ನಮ್ಮ ಪಂಚಾಯ್ತಿ ವಾಟರ್‌ಮನ್ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್.

ಏಪ್ರಿಲ್‌ನಲ್ಲಿ 312 ಹೆರಿಗೆಗೆ 57 ಸಾವು ಆಗಿತ್ತು. ಜೂನ್‌ನಲ್ಲಿ 268 ಹೆರಿಗೆಗೆ 6. ಜುಲೈನಲ್ಲಿ 250ಕ್ಕೆ 3. ಮರುವರ್ಷ 1848ರಲ್ಲಿ ಇಡೀ ವರ್ಷ 3,556 ಹೆರಿಗೆ, 45 ಸಾವು. ಆ ವರ್ಷದ ಮಾರ್ಚ್‌ನಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ, ಆಗಸ್ಟ್‌ನಲ್ಲೂ ಅಷ್ಟೇ. ಹೊಸ ಕಟ್ಟಡ ಇಲ್ಲ, ಹೊಸ ಔಷಧಿ ಇಲ್ಲ. ಒಂದು ಬೋಗುಣಿ, ಒಂದಿಷ್ಟು ಪುಡಿ, ಮತ್ತೆ ಬಾಗಿಲಲ್ಲಿ ನಿಂತು ಎಲ್ಲರಿಂದ ಕೈ ತೊಳೆಸುವ ಒಬ್ಬ ಹಟಮಾರಿ.

ನಡುವೆ ಒಂದು ಪೆಟ್ಟೂ ಬಿತ್ತು. 1847ರ ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದು ಸ್ರಾವವಾಗುತ್ತಿದ್ದ ಒಬ್ಬ ಹೆಂಗಸನ್ನು ಸಾಲಿನ ಮೊದಲ ಮಂಚದಲ್ಲಿ ಮಲಗಿಸಿದ್ದರು. ಅವಳನ್ನು ಪರೀಕ್ಷೆ ಮಾಡಿ, ಬರೀ ಸೋಪಿನಲ್ಲಿ ಕೈ ತೊಳೆದು ಮುಂದಿನವರನ್ನು ಮುಟ್ಟಿದರು. ಆ ಸಾಲಿನ 12 ಮಂದಿಯಲ್ಲಿ 11 ಮಂದಿ ತೀರಿಕೊಂಡರು. ನಂಜು ಹೆಣದಿಂದ ಮಾತ್ರವಲ್ಲ, ಬದುಕಿರುವವರ ಕೊಳೆತ ಗಾಯದಿಂದಲೂ ಬರುತ್ತೆ ಅಂತ ಆಗ ಗೊತ್ತಾಯಿತು. ಅಲ್ಲಿಂದ ಮುಂದೆ ಪ್ರತಿ ರೋಗಿಯ ನಡುವೆ ಕೈ ತೊಳೆಯಬೇಕು ಅಂತ ನಿಯಮ ಬಿಗಿಯಾಯಿತು.

ತಾನೇ ಮೊದಲ ತಪ್ಪಿತಸ್ಥ

ಸೆಮ್ಮೆಲ್‌ವೈಸ್ ಮೊದಲು ಬೊಟ್ಟು ಮಾಡಿದ್ದು ತನ್ನ ಕಡೆಗೇ. ಕಾಯಿಲೆಯ ಕಾರಣ ಹುಡುಕಬೇಕು ಅಂತ ದಿನಾ ಬೆಳಗ್ಗೆ ಎಲ್ಲರಿಗಿಂತ ಹೆಚ್ಚು ಹೆಣ ಕೊಯ್ಯುತ್ತಿದ್ದವರು ಅವರೇ. 1846ರ ಕೊನೆಯಿಂದ ಕೆಲವು ತಿಂಗಳು ಅವರ ಜಾಗದಲ್ಲಿ ಬೇರೊಬ್ಬ ಸಹಾಯಕ ಇದ್ದರು. 1847ರ ಫೆಬ್ರವರಿಯಲ್ಲಿ 312 ಹೆರಿಗೆಗೆ ಸತ್ತವರು 6 ಮಂದಿ. ಸೆಮ್ಮೆಲ್‌ವೈಸ್ ವಾಪಸ್ ಬಂದು ಮತ್ತೆ ಶವಾಗಾರದ ಕೆಲಸ ಹಿಡಿದ ಏಪ್ರಿಲ್‌ನಲ್ಲಿ, ಅಷ್ಟೇ ಹೆರಿಗೆಗೆ 57. ಈ ಅಂಕಿ ಅವರ ಕಣ್ಣ ಮುಂದೆ ಇತ್ತು. ತನ್ನಿಂದಾಗಿ ಎಷ್ಟು ಹೆಣ್ಣುಮಕ್ಕಳು ಅಕಾಲದಲ್ಲಿ ಸಮಾಧಿ ಸೇರಿದರೋ, ಆ ಲೆಕ್ಕ ದೇವರಿಗೇ ಗೊತ್ತು ಅನ್ನುವ ಅರ್ಥದಲ್ಲಿ ಮುಂದೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಇದನ್ನು ಒಪ್ಪಿಕೊಳ್ಳೋಕೆ ಎಂಥ ಎದೆ ಬೇಕು! ಉಳಿದ ಡಾಕ್ಟರುಗಳಿಗೆ ಆಗದೆ ಹೋಗಿದ್ದು ಇದೇ. ತಮ್ಮ ಕೈ ಗಲೀಜು ಅಂತ ಒಪ್ಪಿಕೊಂಡರೆ, ಹಿಂದಿನ ಸಾವುಗಳನ್ನೆಲ್ಲ ಹೆಗಲ ಮೇಲೆ ಹೊರಬೇಕಾಗುತ್ತಿತ್ತು. ಜರ್ಮನಿಯ ಕೀಲ್ ಊರಿನ ಡಾಕ್ಟರ್ ಮಿಖಾಯೆಲಿಸ್ ಅದನ್ನು ಒಪ್ಪಿಕೊಂಡರು, ತಮ್ಮಲ್ಲೂ ಕ್ಲೋರಿನ್ ತಂದರು, ಸಾವು ಇಳಿಯಿತು. ಆದರೆ ಸ್ವಲ್ಪ ಮುಂಚೆ ಅವರೇ ನೋಡಿಕೊಂಡಿದ್ದ ಸಂಬಂಧಿ ಹೆಣ್ಣುಮಗಳೊಬ್ಬಳು ಇದೇ ಜ್ವರಕ್ಕೆ ಬಲಿಯಾಗಿದ್ದಳು. ಆ ನೋವು ತಡೆಯದೆ 1848ರಲ್ಲಿ ಅವರು ಜೀವ ಕಳೆದುಕೊಂಡರು.

ವಿಯೆನ್ನಾದಲ್ಲಿ ಎಲ್ಲರೂ ವಿರೋಧಿಗಳಾಗಿರಲಿಲ್ಲ. ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿ ಅನ್ನುವ ಮೂವರು ದೊಡ್ಡ ಹೆಸರಿನ ವೈದ್ಯರು ಇವರ ಪರ ನಿಂತರು. ಹೆಬ್ರಾ ತಾವೇ ಪತ್ರಿಕೆಯಲ್ಲಿ ಬರೆದರು. ಆದರೆ ಬರೆಯಬೇಕಾಗಿದ್ದ ಮನುಷ್ಯನೇ ಬರೆಯಲಿಲ್ಲ. ಸೆಮ್ಮೆಲ್‌ವೈಸ್‌ಗೆ ಬರವಣಿಗೆ ಅಂದರೆ ಆಗುತ್ತಿರಲಿಲ್ಲ. ಹತ್ತು ವರ್ಷ ಸುಮ್ಮನಿದ್ದರು. ಅಷ್ಟರಲ್ಲಿ ಅವರ ಮಾತನ್ನು ಜನ ಅರ್ಧಂಬರ್ಧ ತಿಳಿದುಕೊಂಡು ತಳ್ಳಿಹಾಕಿದ್ದರು. ಇದು ಅವರದೇ ತಪ್ಪು ಅನ್ನದೆ ವಿಧಿಯಿಲ್ಲ.

1849ರ ಮಾರ್ಚ್‌ನಲ್ಲಿ ಎರಡು ವರ್ಷದ ಅವಧಿ ಮುಗಿಯಿತು. ಕ್ಲೈನ್ ಮುಂದುವರಿಸಲಿಲ್ಲ. ಪಾಠ ಮಾಡುವ ಅನುಮತಿ ಕೇಳಿದರೆ, ಬಹಳ ದಿನ ಕಾಯಿಸಿ, ಬೊಂಬೆ ಇಟ್ಟುಕೊಂಡು ಮಾತ್ರ ಪಾಠ ಮಾಡಿ ಅಂದರು. ಅವಮಾನ ತಡೆಯದೆ 1850ರ ಅಕ್ಟೋಬರ್‌ನಲ್ಲಿ ಗೆಳೆಯರಿಗೂ ಹೇಳದೆ ಊರಿಗೆ ಹೊರಟುಬಿಟ್ಟರು. ಬೆನ್ನಿಗೆ ನಿಂತಿದ್ದ ಗೆಳೆಯರಿಗೆ ಇದರಿಂದ ಬೇಜಾರಾಯಿತು.

ಊರಲ್ಲಿ ಮತ್ತೆ ಅದೇ ಕೆಲಸ

ಪೆಸ್ಟ್‌ನ ಸೇಂಟ್ ರೋಖಸ್ ಆಸ್ಪತ್ರೆಯಲ್ಲಿ 1851ರಲ್ಲಿ ಹೆರಿಗೆ ವಿಭಾಗದ ಹೊಣೆ ಸಿಕ್ಕಿತು. ಸಂಬಳ ಇಲ್ಲ. ಇಲ್ಲೂ ಬೋಗುಣಿ ಬಂತು. 1855ರವರೆಗೆ 933 ಹೆರಿಗೆಯಲ್ಲಿ ಬಾಣಂತಿ ಜ್ವರಕ್ಕೆ ಹೋದವರು 8 ಮಂದಿ. 1855ರಲ್ಲಿ ಪೆಸ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. 1857ರಲ್ಲಿ ಮಾರಿಯಾ ವೈಡೆನ್‌ಹೋಫರ್ ಜೊತೆ ಮದುವೆ, ಐವರು ಮಕ್ಕಳು. ವಿಶ್ವವಿದ್ಯಾಲಯದ ವಾರ್ಡಿನಲ್ಲಿ ಸರಿಯಾಗಿ ಒಗೆಯದ ಬೆಡ್‌ಶೀಟುಗಳಿಂದಲೂ ಜ್ವರ ಹರಡುತ್ತೆ ಅಂತ ಕಂಡುಕೊಂಡರು. ಶೀಟಿನ ವಿಷಯಕ್ಕೂ ಆಡಳಿತದವರ ಜೊತೆ ಗುದ್ದಾಟ.

ಕೊನೆಗೂ ಪುಸ್ತಕ ಬಂತು, ಮುಖಪುಟದಲ್ಲಿ 1861 ಅಂತಿದೆ. ಅಂಕಿಅಂಶ ತುಂಬಿದ ದೊಡ್ಡ ಪುಸ್ತಕ. ಆದರೆ ಹೇಳಿದ್ದನ್ನೇ ಹೇಳುತ್ತಾರೆ, ಎದುರಾಳಿಗಳನ್ನು ಹೆಸರಿಡಿದು ಝಾಡಿಸುತ್ತಾರೆ. ಬರ್ಲಿನ್‌ನ ರುಡಾಲ್ಫ್ ವಿರ್ಚೋ ಅಂಥ ಹೆಸರಾಂತ ವಿಜ್ಞಾನಿಯೂ ಒಪ್ಪಲಿಲ್ಲ. ಸೆಮ್ಮೆಲ್‌ವೈಸ್‌ಗೆ ಸಿಟ್ಟು ನೆತ್ತಿಗೇರಿತು. ಯುರೋಪಿನ ಹೆರಿಗೆ ಪ್ರೊಫೆಸರುಗಳಿಗೆ ಬಹಿರಂಗ ಪತ್ರ ಬರೆದು, ಗೊತ್ತಿದ್ದೂ ಕೈ ತೊಳೆಯದವರು ಕೊಲೆಗಾರರು ಅಂತ ನೇರವಾಗಿ ಬೈದರು. ಬೈಸಿಕೊಂಡವರು ಇನ್ನಷ್ಟು ದೂರ ಹೋದರು.

ಕೊನೆಯ ಎರಡು ವಾರ

1865ರ ಹೊತ್ತಿಗೆ ಅವರ ನಡವಳಿಕೆ ಬದಲಾಗಿತ್ತು. ಯಾವ ಮಾತು ಶುರುಮಾಡಿದರೂ ಬಾಣಂತಿ ಜ್ವರಕ್ಕೇ ಬಂದು ನಿಲ್ಲುತ್ತಿತ್ತು. ಮನೆಯವರಿಗೂ ಸಂಭಾಳಿಸೋದು ಕಷ್ಟವಾಯಿತು. ನಿಜಕ್ಕೂ ಯಾವ ಕಾಯಿಲೆ ಅನ್ನೋದರ ಬಗ್ಗೆ ವೈದ್ಯರು ಇವತ್ತಿಗೂ ಚರ್ಚೆ ಮಾಡ್ತಾರೆ.

ಆ ಜುಲೈ 30ರಂದು ವಿಯೆನ್ನಾದಲ್ಲಿ ಹಳೆ ಗೆಳೆಯ ಹೆಬ್ರಾ, ತಮ್ಮ ಹೊಸ ಚಿಕಿತ್ಸಾಲಯ ತೋರಿಸ್ತೀನಿ ಬನ್ನಿ ಅಂತ ಕರೆದುಕೊಂಡು ಹೋದರು. ಕರೆದೊಯ್ದಿದ್ದು ಮಾನಸಿಕ ರೋಗಿಗಳ ಆಸ್ಪತ್ರೆಗೆ. ಸೆಮ್ಮೆಲ್‌ವೈಸ್‌ಗೆ ವಿಷಯ ಗೊತ್ತಾಗಿ ಹೊರಡಲು ನೋಡಿದರು. ಕಾವಲಿನವರು ಹಿಡಿದು ಹೊಡೆದರು, ಕೈಕಟ್ಟುವ ಅಂಗಿ ತೊಡಿಸಿ ಕತ್ತಲ ಕೋಣೆಗೆ ಹಾಕಿದರು. ಆಗಸ್ಟ್ 13ರಂದು ಅಲ್ಲೇ ಪ್ರಾಣ ಬಿಟ್ಟರು. ವಯಸ್ಸು 47. ಕೈ ಬೆರಳಿನ ಗಾಯ ಕೊಳೆತು, ನಂಜು ರಕ್ತಕ್ಕೆ ಏರಿತ್ತು. ಗೆಳೆಯ ಕೊಲ್ಲೆಟ್ಶ್ಕಾ ಹೋಗಿದ್ದೂ ಇದರಿಂದಲೇ, ಒಂದನೇ ವಾರ್ಡಿನ ತಾಯಂದಿರು ಹೋಗಿದ್ದೂ ಇದರಿಂದಲೇ.

ಅದರ ಹಿಂದಿನ ದಿನ, ಆಗಸ್ಟ್ 12ರಂದು, ದೂರದ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್, ಕಾಲು ಮುರಿದುಕೊಂಡು ಬಂದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆ್ಯಸಿಡ್‌ನಲ್ಲಿ ಅದ್ದಿದ ಬಟ್ಟೆ ಕಟ್ಟಿದ್ದರು. ಗಾಯ ಕೀವಾಗದೆ ಮಾಯಿತು. ಜಗತ್ತು ಆ ದಾರಿಗೆ ಹೊರಳಿದ್ದು ಲಿಸ್ಟರ್ ಹೆಸರಿನಲ್ಲಿ.

ಸೆಮ್ಮೆಲ್‌ವೈಸ್ ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು. ಪೆಸ್ಟ್‌ನಲ್ಲಿ ಅವರ ಜಾಗಕ್ಕೆ ಬೇರೆ ಪ್ರೊಫೆಸರ್ ಬಂದರು. ಬಾಣಂತಿಯರ ಸಾವು ಆರು ಪಟ್ಟು ಏರಿ ನೂರಕ್ಕೆ ಆರಕ್ಕೆ ಮುಟ್ಟಿತು. ಊರಿನ ಡಾಕ್ಟರುಗಳು ತುಟಿ ಬಿಚ್ಚಲಿಲ್ಲ.

1879ರಲ್ಲಿ ಪ್ಯಾರಿಸ್‌ನ ವೈದ್ಯರ ಸಭೆಯೊಂದರಲ್ಲಿ ಬಾಣಂತಿ ಜ್ವರದ ಕಾರಣಗಳ ಬಗ್ಗೆ ಒಬ್ಬರು ಭಾಷಣ ಮಾಡುತ್ತಿದ್ದಾಗ, ಲೂಯಿ ಪಾಸ್ಚರ್ ನಡುವೆಯೇ ಎದ್ದು, ಆ ಬ್ಯಾಕ್ಟೀರಿಯಾ ಹೇಗಿರುತ್ತೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದರು. ಮಣಿ ಪೋಣಿಸಿದ ಹಾಗೆ ಸಾಲು ಸಾಲು. ಅದಕ್ಕೆ ಸ್ಟ್ರೆಪ್ಟೊಕಾಕಸ್ ಅಂತ ಹೆಸರು. ಸೆಮ್ಮೆಲ್‌ವೈಸ್ ಕಣ್ಣಾರೆ ಕಾಣದೆ, ಬರೀ ಸಾವಿನ ಲೆಕ್ಕ ಇಟ್ಟುಕೊಂಡು ಹಿಡಿದ ಕಳ್ಳ ಅದು.

1891ರಲ್ಲಿ ಅವರ ಅಸ್ಥಿಯನ್ನು ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ತಂದರು. ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು. ಅಪ್ಪ ದಿನಸಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಅವರು ಹುಟ್ಟಿದ ಆ ಮನೆ ಇವತ್ತು ವೈದ್ಯಕೀಯ ಇತಿಹಾಸದ ಮ್ಯೂಸಿಯಂ. ಅವರ ಅಸ್ಥಿಯೂ ಈಗ ಅಲ್ಲೇ ಇದೆ.